ಗೇರುಗುಡ್ಡೆಯ ನ್ಯಾಯ

ಗೇರುಮರ ನಮ್ಮ ನಾಡಿನದಲ್ಲ. ಬ್ರೆಜಿಲಿನಲ್ಲಿ ಹುಟ್ಟಿದ ಆ ಮರವನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಅವರ ಹಡಗುಗಳಲ್ಲಿಯೇ ರೋಮಿನ ಕಥೋಲಿಕ ಪಾದ್ರಿಗಳೂ ಬಂದರು. ಮರವೂ ಮತವೂ ಗೋವೆಯಿಂದ ತೆಂಕಣಕ್ಕೆ ಹರಡಿ, ಕಾಲಕ್ರಮದಲ್ಲಿ ಘಟ್ಟದ ಬುಡದ ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಬೇರೂರಿದುವು. ಪುತ್ತೂರಿನ ಮಾಯ್ ದೆ ದೇವುಸ್ ಇಗರ್ಜಿ 1830ರಲ್ಲಿ ಸ್ಥಾಪನೆಯಾದುದು. ಅದೇ ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಿಂದ ಗೇರು ಬೆಳೆಯ ರಾಷ್ಟ್ರೀಯ ಸಂಶೋಧನ ಕೇಂದ್ರವಿದೆ. ಇವೆರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು.

ಸಂಬಂಧವುಂಟು. ಬಡವನಿಗೆ ನ್ಯಾಯ, ನೆಲಕ್ಕೆ ಆರೈಕೆ ಎಂಬಿವು ಎರಡು ಧರ್ಮಗಳೋ, ಒಂದೇ ಧರ್ಮದ ಎರಡು ಮುಖಗಳೋ ಎಂಬುದು ಕಥೋಲಿಕ ಸಭೆ ನೂರಕ್ಕೂ ಹೆಚ್ಚು ವರ್ಷಗಳಿಂದ ವಿಚಾರಿಸುತ್ತ ಬಂದಿರುವ ಪ್ರಶ್ನೆ. ಪೋಪರ ಪತ್ರಗಳಲ್ಲಿ ಆ ವಿಚಾರ ಮೆಲ್ಲಮೆಲ್ಲನೆ ಬೆಳೆದುದನ್ನು ಕಾಣಬಹುದು. ನಮ್ಮ ಗೇರುಗುಡ್ಡೆಗಳಲ್ಲಿ ಅದೇ ಪ್ರಶ್ನೆ ಪತ್ರದಲ್ಲಲ್ಲ, ಮನುಷ್ಯರ ಮೈಯಲ್ಲಿಯೇ ಎದ್ದಿತು. ಈ ಎರಡು ಚರಿತ್ರೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂಬುದು ಈ ಲೇಖನದಲ್ಲಿ ನನ್ನ ಉದ್ದೇಶ.

ಮೊದಲು ನೆಲದ ಮಾತು. ಈ ಸೀಮೆಯಲ್ಲಿ ಬೈಲಿನಲ್ಲಿ ಗದ್ದೆ, ಅದರ ಅಂಚಿನಲ್ಲಿ ಅಡಿಕೆಯ ತೋಟ, ಮೇಲೆ ಮುರಕಲ್ಲಿನ ಪದವು, ಅದರಾಚೆ ಕಾಡು. ತೋಟಕ್ಕೆ ಗುಡ್ಡೆಯ ಸೊಪ್ಪು ಬೇಕು; ಗದ್ದೆಗೆ ಕಾಡಿನ ನೀರು ಬೇಕು. ಆದಕಾರಣ ಕೃಷಿಕನ ಬಾಳು ಅವನ ಪಟ್ಟೆಯ ನೆಲದಲ್ಲಿ ಮಾತ್ರ ನಿಂತುದಲ್ಲ. ಹಳೆಯ ವರ್ಗಭೂಮಿಗೆ ತಾಗಿದ ನೂರು ಗಜದೊಳಗಣ ಸರಕಾರೀ ಜಮೀನಿನಲ್ಲಿ ಸೊಪ್ಪು, ಸೌದೆ, ಮೇವುಗಳನ್ನು ಪಡೆಯುವ ಹಕ್ಕು ವರ್ಗದಾರನಿಗೆ ಇದ್ದಿತು. ಅದನ್ನೇ ಕುಮ್ಕಿ ಎನ್ನುವುದು. ನೆಲ ಸರಕಾರದ್ದು, ಸೊಪ್ಪು ವರ್ಗದಾರನದು. ವರ್ಗವೇ ಇಲ್ಲದವನಿಗೆ ಕುಮ್ಕಿಯೂ ಇಲ್ಲ. ಮಲೆಯಲ್ಲಿ ಕಾಡು ಸವರಿ, ಸುಟ್ಟು, ಬಿತ್ತಿ, ಬಳಿಕ ಬೇರೆಡೆಗೆ ಹೋಗುತ್ತಿದ್ದವರ ಕುಮೇರಿ ಬೇಸಾಯವನ್ನು ಮದ್ರಾಸ್ ಸರಕಾರ 1860ರ ಸುಮಾರಿಗೆ ನಿರ್ಬಂಧಿಸಿತು. ಕಾಡನ್ನು ಉಳಿಸಬೇಕೆಂಬ ಕಾನೂನಿನ ಮೊದಲ ಪೆಟ್ಟು ಹೀಗೆ ಕಾಡಿನಲ್ಲಿಯೇ ಬದುಕಿದವರಿಗೆ ಬಿದ್ದಿತು. ಈ ಸಂಗತಿಯನ್ನು ಮರೆಯಬಾರದು. ಮುಂದೆ ಇದೇ ಮಾತು ಮತ್ತೆ ಬರಲಿದೆ.

ನೆಲದ ನ್ಯಾಯವನ್ನು ಕೇಳುವುದೂ ಇಲ್ಲಿ ಹೊಸತಲ್ಲ. 1834ರಲ್ಲಿ ಕೊಡಗು ಕುಂಪಣಿಯ ವಶವಾದಾಗ ಪುತ್ತೂರು ಮತ್ತು ಅಮರ ಸುಳ್ಯದ ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದುವು. ಅದುವರೆಗೆ ಬೆಳೆಯ ರೂಪದಲ್ಲಿ ಕಂದಾಯ ತೆರುತ್ತಿದ್ದ ರೈತರು ನಾಣ್ಯವನ್ನೇ ತೆರಬೇಕಾಯಿತು. ಬೆಳೆ ಇದ್ದೂ ಹಣವಿಲ್ಲದವನ ಸಂಕಟ ಎಂತಹುದೆಂದು ಹೇಳಬೇಕಾಗಿಲ್ಲ. 1837ರ ದಂಗೆ ಸುಳ್ಯದ ಕಡೆಯಿಂದ ಹೊರಟು ಮಂಗಳೂರನ್ನೇ ಕೆಲವು ದಿನ ವಶಪಡಿಸಿಕೊಂಡುದಕ್ಕೆ ಈ ಸಂಕಟವೂ ಒಂದು ಮುಖ್ಯ ಕಾರಣ.

ಕಥೋಲಿಕರ ಸ್ಥಿತಿ ಈ ನೆಲದಲ್ಲಿ ಒಂದೇ ಬಗೆಯದಾಗಿರಲಿಲ್ಲ. ಗೋವೆಯಿಂದ ಬಂದು ಕೆನರಾದಲ್ಲಿ ನೆಲಸಿದ ಕೊಂಕಣಿ ಕ್ರೈಸ್ತರನ್ನು 1784ರಲ್ಲಿ ಟಿಪ್ಪು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ಸಿದನು. 1799ರ ಬಳಿಕ ಉಳಿದವರು ಹಿಂದಿರುಗಿದಾಗ ಹಲವರ ಜಮೀನು ಪರರ ಕೈಸೇರಿದ್ದಿತು. ಮುಂದಿನ ಕಾಲದಲ್ಲಿ ಅವರೊಳಗೆ ಧಣಿಗಳೂ ಆದರು, ಮೂಲಗೇಣಿಯ ಒಕ್ಕಲುಗಳೂ ಆದರು, ಧಣಿಯ ಮರ್ಜಿಯಿದ್ದಷ್ಟು ದಿನ ಉಳುವ ಚಾಲಗೇಣಿಯವರೂ ಆದರು. ಒಂದೇ ಇಗರ್ಜಿಯಲ್ಲಿ ಮೊಣಕಾಲೂರಿದವರಲ್ಲಿ ಗೇಣಿ ಕೊಡುವವನೂ ಇದ್ದನು, ಗೇಣಿ ಪಡೆಯುವವನೂ ಇದ್ದನು. ಹಾಗಿರುವಲ್ಲಿ ನ್ಯಾಯದ ಬೋಧೆ ಕೇವಲ ಹೊರಗಣವರಿಗೆ ಹೇಳುವ ಮಾತಾಗಿ ಉಳಿಯುವಂತಿರಲಿಲ್ಲ.

ಇನ್ನು ರೋಮಿನ ಕಡೆಗೆ ತಿರುಗೋಣ. 1891ರ ಮೇ ತಿಂಗಳಲ್ಲಿ ಹದಿಮೂರನೆಯ ಲಿಯೋ ಪೋಪರು ‘ರೇರುಮ್ ನೊವಾರುಮ್’ ಎಂಬ ಪತ್ರವನ್ನು ಹೊರಡಿಸಿದರು. ಯುರೋಪಿನ ಕಾರ್ಖಾನೆಗಳಲ್ಲಿ ಕೂಲಿಯಾಳುಗಳು ನಲುಗುತ್ತಿದ್ದ ಕಾಲ ಅದು. ದುಡಿದವನ ಕೂಲಿ ಅವನ ಸಂಸಾರವನ್ನು ಸಾಕುವಷ್ಟಿರಬೇಕು, ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕುಂಟು ಎಂದು ಆ ಪತ್ರ ಸಾರಿತು. ಖಾಸಗಿ ಆಸ್ತಿಯ ಹಕ್ಕನ್ನೂ ಎತ್ತಿಹಿಡಿಯಿತು. ಅಲ್ಲಿ ನೆಲವೆಂದರೆ ದುಡಿಮೆಯ ಫಲ ಕೊಡುವ ಆಸ್ತಿ. ಅದಕ್ಕೇ ನೋವುಂಟಾದೀತೆಂಬ ಯೋಚನೆ ಆ ಕಾಲದವರಿಗಿರಲಿಲ್ಲ. 1967ರಲ್ಲಿ ಆರನೆಯ ಪೌಲರು ಬಡ ರಾಷ್ಟ್ರಗಳ ಅಭಿವೃದ್ಧಿಯ ಕುರಿತು ಬರೆದರು. 1971ರಲ್ಲಿ ಅವರೇ ಮತ್ತೊಂದು ಪತ್ರದಲ್ಲಿ, ಮನುಷ್ಯನು ಪ್ರಕೃತಿಯನ್ನು ಲಂಗುಲಗಾಮಿಲ್ಲದೆ ಸುಲಿದರೆ ಆ ಕೇಡಿಗೆ ಕೊನೆಗೆ ತಾನೇ ತುತ್ತಾಗುವನೆಂದು ಎಚ್ಚರಿಸಿದರು. 1990ರ ಜನವರಿ 1ರಂದು ಎರಡನೆಯ ಜಾನ್ ಪೌಲರು ತಮ್ಮ ಶಾಂತಿದಿನದ ಸಂದೇಶವನ್ನೇ ಈ ವಿಷಯಕ್ಕೆ ಮೀಸಲಿಟ್ಟರು. 2015ರ ಮೇ 24ರಂದು ಫ್ರಾನ್ಸಿಸ್ ಪೋಪರು ಸಹಿ ಮಾಡಿದ ‘ಲಾವ್ದಾತೊ ಸಿ’ಯಲ್ಲಿ ಈ ಎಲ್ಲ ಎಳೆಗಳೂ ಕೂಡಿದುವು. ಆ ಹೆಸರು ಅಸ್ಸೀಸಿಯ ಸಂತ ಫ್ರಾನ್ಸಿಸನ ಹಾಡೊಂದರಿಂದ ಬಂದುದು. ಭೂಮಿಯ ಗೋಳು, ಬಡವನ ಗೋಳು ಎಂದು ಎರಡಿಲ್ಲ, ಎರಡನ್ನೂ ಒಂದೇ ಕಿವಿಯಿಂದ ಕೇಳಬೇಕು ಎಂಬುದು ಅದರ ತಿರುಳು. ಖಾಸಗಿ ಆಸ್ತಿ ತಪ್ಪಲ್ಲ, ಆದರೆ ಭೂಮಿಯ ಸಂಪತ್ತು ಎಲ್ಲರಿಗಾಗಿ ಇರುವುದೆಂಬ ತತ್ತ್ವಕ್ಕೆ ಅದು ಅಧೀನ ಎಂಬ ಹಳೆಯ ಬೋಧೆಯನ್ನೂ ಅದು ಮತ್ತೆ ಒತ್ತಿ ಹೇಳಿತು.

ರೋಮಿನಲ್ಲಿ ವಿಚಾರ ಹೀಗೆ ಬೆಳೆಯುತ್ತಿದ್ದ ಕಾಲದಲ್ಲಿಯೇ ನಮ್ಮ ಸೀಮೆಯಲ್ಲಿ ನೆಲ ಮೂರು ಬಗೆಯಲ್ಲಿ ಮಗುಚಿಕೊಂಡಿತು.

ಮೊದಲನೆಯದು ಬೈಲಿನ ಬದಲಾವಣೆ. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿ ಪದ್ಧತಿ ಬಲವಾಗಿ ಬೇರೂರಿದ್ದ ದಕ್ಷಿಣ ಕನ್ನಡದಲ್ಲಿ ಅದರ ಪರಿಣಾಮ ಅಪಾರವಾಯಿತು. ಗೌಡ, ಬಿಲ್ಲವ, ಕ್ರೈಸ್ತ ಎಂಬ ಭೇದವಿಲ್ಲದೆ ಸಾವಿರಾರು ಒಕ್ಕಲುಗಳು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಲಿಯೋ ಪೋಪರು ದುಡಿಯುವವನಿಗೆ ಬಯಸಿದ ಭದ್ರತೆ ಇಲ್ಲಿ ಶಾಸನಸಭೆಯ ಮೂಲಕ ಬಂದಿತೆನ್ನಬಹುದು. ಆದರೆ ಗೇಣಿಯ ಚೀಟಿಯೂ ಇಲ್ಲದ ಕೂಲಿಯವನಿಗೆ ಹೆಚ್ಚೆಂದರೆ ಮನೆಯಡಿ ಸಿಕ್ಕಿತು. ಅವನು ಗುಡ್ಡೆಯ ಬದಿಯಲ್ಲಿ, ಸರಕಾರೀ ಜಾಗದ ಅಂಚಿನಲ್ಲಿಯೇ ಉಳಿದನು.

ಎರಡನೆಯದು ಕಾಡಿನ ಬದಲಾವಣೆ. ತಿರುವಾಂಕೂರಿನ ಕಡೆಯ ಸಿರಿಯನ್ ಕ್ರೈಸ್ತರು ನೆಲವನ್ನರಸಿ ಮಲಬಾರಿಗೆ ಬಂದು, ಅಲ್ಲಿಂದ ಕಡಬ, ನೆಲ್ಯಾಡಿಗಳ ಸುತ್ತಣ ಕಾಡಂಚಿಗೂ ಬಂದರು. ಮರಗೆಣಸು, ಕರಿಮೆಣಸು, ರಬ್ಬರುಗಳನ್ನು ಬೆಳೆದರು. ಮಲೇರಿಯಾದ ಕಾಡಿನಲ್ಲಿ ಬೆವರು ಸುರಿಸಿ ಊರು ಕಟ್ಟಿದರು. 2010ರಲ್ಲಿ ಪುತ್ತೂರನ್ನು ಕೇಂದ್ರವಾಗುಳ್ಳ ಮಲಂಕರ ಕಥೋಲಿಕ ಧರ್ಮಪ್ರಾಂತ ಏರ್ಪಟ್ಟುದು ಈ ವಲಸೆಯ ಫಲ. ಇನ್ನೊಂದು ವಲಸೆ ಕಡಲಾಚೆಯದು. 1964ರ ಅಕ್ಟೋಬರ್ 30ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಂಹಳದ ಚಹತೋಟಗಳ 5,25,000 ತಮಿಳರನ್ನು ಭಾರತ ಸ್ವೀಕರಿಸಬೇಕಾಯಿತು. ಬ್ರಿಟಿಷರ ಕಾಲದಲ್ಲಿ ಇವರ ಅಜ್ಜಂದಿರು ಕೂಲಿಗಾಗಿ ಹೋದವರು; ಎಷ್ಟೋ ತಲೆಮಾರು ದುಡಿದ ಬಳಿಕ ಇವರಿಗೆ ನಿಲ್ಲಲು ನೆಲವಿಲ್ಲವಾಯಿತು. ಅಂಥವರಲ್ಲಿ ಕೆಲವರಿಗೆ ಕೆಲಸ ಕೊಡುವುದಕ್ಕಾಗಿ ಸುಳ್ಯ, ಪುತ್ತೂರುಗಳ ಸರಕಾರೀ ಕಾಡಿನಲ್ಲಿ ರಬ್ಬರು ತೋಟಗಳನ್ನು ಎಬ್ಬಿಸಲಾಯಿತು. ಇಲ್ಲಿ ನ್ಯಾಯದ ತಕ್ಕಡಿಯನ್ನು ಹಿಡಿಯುವುದು ಸುಲಭವಲ್ಲ. ನಿರ್ವಸಿತನಿಗೆ ಅನ್ನ ದೊರೆಯಿತು. ಅದಕ್ಕಾಗಿ ನೂರು ಜಾತಿಯ ಮರಗಳಿದ್ದಲ್ಲಿ ಒಂದೇ ಜಾತಿಯ ಮರ ನಿಂತಿತು. ನಷ್ಟವನ್ನು ಕಾಣದವನು ಕುರುಡ. ಆದರೆ ಆ ಅನ್ನವನ್ನು ಹೀಗಳೆಯುವವನಿಗೆ ಹೃದಯವಿಲ್ಲ.

ಮೂರನೆಯದು ಪದವಿನ ಬದಲಾವಣೆ. ಗೇರುಮರ ನೀರು, ಗೊಬ್ಬರಗಳನ್ನು ಹೆಚ್ಚು ಕೇಳದೆ ಮುರಕಲ್ಲಿನ ಮೇಲೂ ಬದುಕುತ್ತದೆ. ಬಡವನ ಹಿತ್ತಿಲಲ್ಲಿ ಒಂದೆರಡಾಗಿದ್ದ ಮರವನ್ನು ಸರಕಾರದ ನಿಗಮಗಳು ಸಾವಿರಾರು ಎಕರೆ ಪದವಿನಲ್ಲಿ ಒತ್ತಾಗಿ ಬೆಳೆಸಿದುವು. ಒಂದೇ ಬೆಳೆ ಹಬ್ಬಿದಲ್ಲಿ ಅದರ ಕೀಟವೂ ಹಬ್ಬುತ್ತದೆ. ಚಿಗುರನ್ನೂ ಹೂವನ್ನೂ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಕಾಸರಗೋಡಿನ ಕಡೆ ಇದು 2000ದ ತನಕ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಯಿತು. ನಮ್ಮ ಜಿಲ್ಲೆಯಲ್ಲಿಯೂ 1980, 90ರ ದಶಕಗಳಲ್ಲಿ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ನಡೆಯಿತು.

ಈ ಸಿಂಪಡಣೆಯ ಬಗೆಯನ್ನು ತಿಳಿದುಕೊಂಡರೆ ಅನ್ಯಾಯದ ಬಗೆಯೂ ತಿಳಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಬಿಡುವವನು ಮರವೇರಿ ಗೊನೆಗೊನೆಗೆ ಬಿಡುತ್ತಾನೆ; ಯಾವ ಮರಕ್ಕೆ ಎಷ್ಟು ಬಿದ್ದಿತೆಂದು ಅವನಿಗೆ ಗೊತ್ತು. ಹೆಲಿಕಾಪ್ಟರಿಗೆ ಆ ವಿವೇಕವಿಲ್ಲ. ಗುಡ್ಡ ಕಣಿವೆಗಳ ನೆಲದಲ್ಲಿ ಮರದ ನೆತ್ತಿಗೆ ಸಮನಾಗಿ ಹಾರುವುದೂ ಸಾಧ್ಯವಿಲ್ಲ. ಎತ್ತರದಿಂದ ಬಿದ್ದ ವಿಷ ಗಾಳಿಗೆ ಸಿಕ್ಕಿ ಬದಿಯ ಮನೆಗಳ ಮೇಲೆ, ತೆರೆದ ಬಾವಿಯ ಮೇಲೆ, ತೋಡಿನ ಮೇಲೆ, ಒಣಗಹಾಕಿದ ಬಟ್ಟೆಯ ಮೇಲೆ ಇಳಿಯಿತು. ಮಳೆ ಬಂದಾಗ ಪದವಿನ ಮಣ್ಣಿನೊಡನೆ ಬೈಲಿಗೆ ಹರಿಯಿತು. ಪದವಿನ ಬದಿಯಲ್ಲಿದ್ದವರು ಯಾರು? ಭೂಸುಧಾರಣೆಯಲ್ಲಿ ಬೈಲು ದೊರೆಯದವರು, ಐದು ಸೆಂಟ್ಸಿನ ಮನೆಯವರು, ಅದೇ ತೋಟದಲ್ಲಿ ಗೇರುಬೀಜ ಹೆಕ್ಕುವ ಹೆಂಗಸರು. ಬೀಜದ ಲಾಭ ದೂರಕ್ಕೆ ಹೋಯಿತು. ವಿಷ ಹತ್ತಿರದಲ್ಲಿಯೇ ಉಳಿಯಿತು.

ಪುತ್ತೂರು ತಾಲೂಕಿನ ಗಡಿಗೆ ಸಮೀಪದ ಪಡ್ರೆ ಗ್ರಾಮದಲ್ಲಿ ವೈದ್ಯ ವೈ. ಎಸ್. ಮೋಹನ ಕುಮಾರರು ಒಂದೇ ಪರಿಸರದ ಮನೆಮನೆಗಳಲ್ಲಿ ಅಸಹಜವಾದ ಕಾಯಿಲೆಗಳನ್ನು ಕಂಡು ಶಂಕಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಲೋಕಕ್ಕೆ ಸಾರಿದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಅಲ್ಲಿಯ ಮಕ್ಕಳ ರಕ್ತವನ್ನು ಪರೀಕ್ಷಿಸಿ ಅದರಲ್ಲಿ ಎಂಡೋಸಲ್ಫಾನ್ ಇರುವುದನ್ನು ಕಂಡರು. ಗಂಡುಮಕ್ಕಳ ಪ್ರಾಯದ ಬೆಳವಣಿಗೆ ತಡವಾಗುತ್ತಿರುವುದನ್ನು ಕುರಿತ ಅವರ ಲೇಖನ 2003ರಲ್ಲಿ ಪ್ರಕಟವಾಯಿತು. ನಮ್ಮ ಜಿಲ್ಲೆಯಲ್ಲಿ ಮೊದಲು ಹೆಸರಾದುದು ಬೆಳ್ತಂಗಡಿಯ ಕೊಕ್ಕಡ, ನಿಡ್ಲೆ, ಪಟ್ರಮೆಗಳು. ಬಳಿಕ ಇತರ ತಾಲೂಕುಗಳಲ್ಲಿಯೂ ಪೀಡಿತರನ್ನು ಗುರುತಿಸಿದರು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಈ ವಿಷವನ್ನು ನಿಷೇಧಿಸಬೇಕಾದವುಗಳ ಪಟ್ಟಿಗೆ ಸೇರಿಸಿದುವು. ಅದುವರೆಗೆ ನಿಷೇಧವನ್ನು ವಿರೋಧಿಸುತ್ತ ಬಂದುದರಲ್ಲಿ ಭಾರತವೇ ಮುಂದು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಕೇರಳದ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಮಾಸಾಶನದ ಏರ್ಪಾಡಾಯಿತು.

ಸಿಂಪಡಣೆ ನಿಂತುದಕ್ಕೂ ನಿಷೇಧ ಬಂದುದಕ್ಕೂ ನಡುವೆ ಹನ್ನೊಂದು ವರ್ಷ. ಅಷ್ಟು ಕಾಲ ನಡೆದ ವಾದವೇನು? ಈ ಕಾಯಿಲೆಗಳಿಗೆ ಇದೇ ವಿಷ ಕಾರಣವೆಂಬುದಕ್ಕೆ ಪುರಾವೆ ಕೊಡಿ ಎಂಬುದು. ಕೊಡಬೇಕಾದವರು ಯಾರು? ತಲೆಯೆತ್ತಲಾರದ ಮಗುವನ್ನು ಮಡಿಲಲ್ಲಿಟ್ಟ ತಾಯಿ. ‘ಲಾವ್ದಾತೊ ಸಿ’ಯಲ್ಲಿ ಈ ಪ್ರಸಂಗಕ್ಕೇ ಬರೆದಂತಿರುವ ಒಂದು ವಿಚಾರವುಂಟು. 1992ರ ರಿಯೊ ಘೋಷಣೆಯ ಮುನ್ನೆಚ್ಚರಿಕೆಯ ತತ್ತ್ವವನ್ನು ನೆನಪಿಸಿ ಫ್ರಾನ್ಸಿಸ್ ಪೋಪರು ಹೇಳುವುದೇನೆಂದರೆ, ತಿದ್ದಲಾಗದ ದೊಡ್ಡ ಕೇಡಿನ ಸೂಚನೆ ಕಂಡಾಗ ಪೂರ್ಣ ಪುರಾವೆ ಸಿಗದಿದ್ದರೂ ಕೆಲಸವನ್ನು ನಿಲ್ಲಿಸಬೇಕು ಇಲ್ಲವೆ ಬದಲಿಸಬೇಕು. ಪುರಾವೆಯ ಹೊರೆ ದುರ್ಬಲನ ಮೇಲಲ್ಲ, ಕೇಡಿಲ್ಲವೆಂದು ಹೇಳುವವನ ಮೇಲೆ. ನನಗೆ ತೋರುವಂತೆ ಪರಿಸರ ಪ್ರಶ್ನೆ ಸಾಮಾಜಿಕ ನ್ಯಾಯದ ಪ್ರಶ್ನೆಯಾಗುವುದು ಈ ಬಿಂದುವಿನಲ್ಲಿಯೇ. ಮರಗಿಡಗಳ ಮೇಲಣ ಪ್ರೀತಿಯೊಂದರಿಂದಲೇ ಅಲ್ಲ, ಯಾರು ಪುರಾವೆ ಕೊಡಬೇಕು, ಯಾರು ನಷ್ಟ ಹೊರಬೇಕು ಎಂಬ ತೀರ್ಮಾನದಿಂದ.

ಇಷ್ಟರವರೆಗೆ ದೋಷ ಪರರದಾಗಿದ್ದುದರಿಂದ ಮಾತು ಸುಲಭವಾಯಿತು. ಇನ್ನು ಕಠಿಣವಾದುದು. ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿಯೂ ಕಸ್ತೂರಿರಂಗನ್ ಸಮಿತಿ 2013ರಲ್ಲಿಯೂ ಪಶ್ಚಿಮಘಟ್ಟಗಳ ಬಗ್ಗೆ ವರದಿ ಕೊಟ್ಟುವು. ಗುಂಡ್ಯದ ಜಲವಿದ್ಯುತ್ ಯೋಜನೆ ಬೇಡವೆಂದವರು ಗಾಡ್ಗೀಳರು. ಗ್ರಾಮಸಭೆಗಳೇ ಕೂಡಿ ತೀರ್ಮಾನಿಸಬೇಕೆಂದವರೂ ಅವರೇ. ಕಸ್ತೂರಿರಂಗನ್ ಸಮಿತಿ ಕರ್ನಾಟಕದ 20,668 ಚದರ ಕಿಲೊಮೀಟರನ್ನು ಪರಿಸರಸೂಕ್ಷ್ಮವೆಂದು ಗುರುತಿಸಿತು. ನಮ್ಮ ಜಿಲ್ಲೆಯ ಬೆಳ್ತಂಗಡಿ, ಪುತ್ತೂರು, ಸುಳ್ಯಗಳ 46 ಗ್ರಾಮಗಳು ಅದರಲ್ಲಿ ಸೇರಿದುವು. ಗಣಿ, ಜಲ್ಲಿಕೋರೆ, ದೊಡ್ಡ ಕಟ್ಟಡ, ಕೆಂಪು ವರ್ಗದ ಕಾರ್ಖಾನೆಗಳಿಗೆ ಅದು ತಡೆ ಹೇಳಿತು. ಕೃಷಿ ಮಾಡಬಾರದೆನ್ನಲಿಲ್ಲ, ಒಕ್ಕಲೆಬ್ಬಿಸಬೇಕೆನ್ನಲಿಲ್ಲ. ಆದರೂ ಊರೂರುಗಳಲ್ಲಿ ಭಯ ಹಬ್ಬಿತು, ಪ್ರತಿಭಟನೆಗಳಾದುವು. ಕೇರಳದ ಇಡುಕ್ಕಿ, ತಾಮರಶ್ಶೇರಿಗಳಲ್ಲಿ 2013ರಲ್ಲಿ ಕಥೋಲಿಕ ಧರ್ಮಪ್ರಾಂತಗಳೇ ವಿರೋಧದ ಮುಂಚೂಣಿಯಲ್ಲಿ ನಿಂತುವು. ಎರಡು ವರ್ಷಗಳಲ್ಲಿಯೇ ರೋಮಿನಿಂದ ‘ಲಾವ್ದಾತೊ ಸಿ’ ಬಂದಿತು!

ಇದನ್ನು ಕಪಟವೆಂದು ತಳ್ಳಿಹಾಕುವವರುಂಟು. ನಾನು ಹಾಗೆನ್ನಲಾರೆ. ಕಾಡು ಕಡಿದು ನೆಲೆನಿಂತವನಿಗೆ, ಅದರಲ್ಲಿಯೂ ಪಟ್ಟೆ ಸರಿಯಾಗಿಲ್ಲದವನಿಗೆ, ನಕಾಶೆಯ ಮೇಲೆ ಎಳೆದ ಯಾವ ಗೆರೆಯೂ ಜಪ್ತಿಯ ನೋಟೀಸಿನಂತೆಯೇ ಕಾಣುತ್ತದೆ. 1860ರ ಕುಮೇರಿ ನಿರ್ಬಂಧ ಮಲೆಯವನಿಗೆ ಕಲಿಸಿದ ಪಾಠವೂ ಇದೇ. ಕಾಡಿನ ಕಾನೂನು ಮೊದಲು ಬಡವನ ಬಾಗಿಲಿಗೆ ಬರುತ್ತದೆ, ಕೋರೆಯ ಧಣಿಯ ಬಾಗಿಲಿಗೆ ಕೊನೆಗೆ ಬರುತ್ತದೆ ಎಂಬ ಅವಿಶ್ವಾಸಕ್ಕೆ ಚರಿತ್ರೆಯ ಆಧಾರವಿದೆ. ಆದರೆ ಬಡವನ ಭಯದ ಮರೆಯಲ್ಲಿ ಕೋರೆಯ ಲಾಭ ಅಡಗಿ ಕುಳಿತುಕೊಳ್ಳುವುದೂ ಉಂಟು. ಬೆಟ್ಟ ಜಾರಿದಾಗ ಅದು ಪಟ್ಟೆ ಕೇಳುವುದಿಲ್ಲ. 2018ರ ಆಗಸ್ಟಿನಲ್ಲಿ ಸುಳ್ಯದ ಮೇಲಣ ಜೋಡುಪಾಲದಲ್ಲಿ ಗುಡ್ಡ ಕುಸಿಯಿತು. 2022ರ ಆಗಸ್ಟ್ 1ರಂದು ಕಡಬ ತಾಲೂಕಿನ ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ಎಳೆಯ ಮಕ್ಕಳಿಬ್ಬರು ತೀರಿಕೊಂಡರು. ಕಾಡನ್ನು ಉಳಿಸುವುದು ಬಡವನಿಗೆ ವಿರೋಧವೆನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ದಾರಿ ಯಾವುದು? ಮೊದಲು ಸಣ್ಣ ಹಿಡುವಳಿದಾರನಿಗೆ ನೆಲದ ಪತ್ರ, ಬಳಿಕ ಅವನ ಒಪ್ಪಿಗೆಯಿಂದಲೇ ಕಾಡಿನ ರಕ್ಷಣೆ. ಈ ಅನುಕ್ರಮ ತಪ್ಪಬಾರದೆಂಬುದು ನನ್ನ ಎಣಿಕೆ. ಭದ್ರತೆಯಿಲ್ಲದವನಿಗೆ ಮುಂದಿನ ತಲೆಮಾರಿನ ಚಿಂತೆಯನ್ನು ಬೋಧಿಸುವುದು ನ್ಯಾಯವಲ್ಲ. ಭದ್ರತೆ ದೊರೆತವನು ಆ ಚಿಂತೆಯನ್ನು ಬಿಡುವುದೂ ನ್ಯಾಯವಲ್ಲ. 1891ರ ಪತ್ರದಲ್ಲಿ ಮೊದಲನೆಯ ಮಾತಿದೆ, 2015ರ ಪತ್ರದಲ್ಲಿ ಎರಡನೆಯದು ಕೂಡಿಕೊಂಡಿದೆ. ಫ್ರಾನ್ಸಿಸರು 2025ರ ಏಪ್ರಿಲಿನಲ್ಲಿ ತೀರಿಕೊಂಡ ಮೇಲೆ ಪೀಠವೇರಿದವರು ಲಿಯೋ ಎಂಬ ಹೆಸರನ್ನೇ ಮತ್ತೆ ತಾಳಿರುವುದು ಆ ಮೊದಲನೆಯ ಮಾತನ್ನು ಮರೆಯದಿರುವುದಕ್ಕಾಗಿ.

ಈ ಬೋಧೆ ನಮ್ಮ ಕ್ರೈಸ್ತರಿಗೆ ಪರದೇಶದ ಸರಕೇನೂ ಅಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಮಕ್ಕಳು ಮೇರಿಯಮ್ಮನಿಗೆ ಹೂವು ಅರ್ಪಿಸುತ್ತಾರೆ. ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಆ ತೆನೆಯ ಅಕ್ಕಿಯನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಉಣ್ಣುತ್ತಾರೆ. ನೆರೆಯ ತುಳುವರ ಹೊಸ ಅಕ್ಕಿ ಊಟಕ್ಕೂ ಇದಕ್ಕೂ ನಂಟು ಸ್ಪಷ್ಟವಾಗಿದೆ. ಗದ್ದೆಗಳು ಅಡಿಕೆ, ರಬ್ಬರುಗಳ ತೋಟವಾದ ಊರುಗಳಲ್ಲಿ ಆ ತೆನೆಯನ್ನು ಈಗ ಬೇರೆಡೆಯಿಂದ ತರಬೇಕಾಗುತ್ತದೆ. ನೆಲವನ್ನು ಕಳೆದುಕೊಂಡ ಆಚಾರ ಎಷ್ಟು ದಿನ ಉಳಿದೀತೆಂಬುದು ಆಯಾ ಊರಿನವರೇ ಯೋಚಿಸಬೇಕಾದ ವಿಷಯ.

ಎಂಡೋಸಲ್ಫಾನ್ ಪೀಡಿತರಿಗಾಗಿ ಕೊಕ್ಕಡದಲ್ಲಿಯೂ ಕಡಬ ತಾಲೂಕಿನ ಕೊಯಿಲದಲ್ಲಿಯೂ ಹಗಲು ಪಾಲನೆಯ ಕೇಂದ್ರಗಳು ಆದುವು. ಅಂದು ಮಡಿಲಲ್ಲಿದ್ದ ಮಕ್ಕಳು ಈಗ ಮೂವತ್ತು ದಾಟಿದ್ದಾರೆ. ಎತ್ತಿ ಆಡಿಸಿದ ತಾಯಿಯರ ತೋಳುಗಳಲ್ಲಿ ಶಕ್ತಿ ಕುಂದಿದೆ. ಮಾಸಾಶನ ಹೆಚ್ಚಿಸಿ ಎಂಬುದಕ್ಕಿಂತ ಗಟ್ಟಿಯಾಗಿ ಅವರು ಕೇಳುವುದು, ತಾವು ತೀರಿಕೊಂಡ ಬಳಿಕ ಈ ಮಕ್ಕಳನ್ನು ಹಗಲಿರುಳೂ ನೋಡಿಕೊಳ್ಳುವ ಒಂದು ಮನೆ ಬೇಕೆಂದು. ಹೆಲಿಕಾಪ್ಟರು ಹಾರಿಹೋಗಿ ಇಪ್ಪತ್ತೈದು ವರ್ಷಗಳಾದುವು. ಪುತ್ತೂರಿನಲ್ಲಿ ಇಗರ್ಜಿಗಳಿವೆ, ದೇವಸ್ಥಾನಗಳಿವೆ, ಮಸೀದಿಗಳಿವೆ, 1958ರಲ್ಲಿ ಕಥೋಲಿಕ ಪಾದ್ರಿಯೊಬ್ಬರು ಕಟ್ಟಿದ ಸಂತ ಫಿಲೋಮಿನಾ ಕಾಲೇಜಿನಂತಹ ವಿದ್ಯಾಸಂಸ್ಥೆಗಳಿವೆ, ಗೇರಿನ ವ್ಯಾಪಾರವೂ ಇದೆ. ಆ ಒಂದು ಮನೆಯನ್ನು ಕಟ್ಟಲು ಬೇಕಾದುದೆಲ್ಲ ಈ ಸೀಮೆಯಲ್ಲಿ ಇದೆ.